ಸೇತುವೆಯ ಮೇಲಿದ್ದ ಹೆಂಗಸನ್ನು ಒರೆಸಿದ ವಿಚಾರ

ಹೆಸರು: ಅನಸೂಯ, ಗಂಡ ಶ್ರೀನಿವಾಸ. ವಯಸ್ಸು: ನಲವತ್ತೊಂಬತ್ತು. ಕಸುಬು: ಬಣ್ಣ ಬಳಿದ ಹಳೆಯ ಲೋಹದ ಸಾಮಾನುಗಳ ದುರಸ್ತಿ. ಹುಟ್ಟೂರು: ಮೈಸೂರು. ಹಾಲಿ ವಾಸ: ಲೆಪರ್ಡ್ಸ್‌ಟೌನ್, ಡಬ್ಲಿನ್.

ಮೇಲ್ಕಂಡ ನಾನು ಪೊಲೀಸ್ ಅಧಿಕಾರಿ ಗಾರ್ಡಾ ಸಿನೇಡ್ ಮುಲ್ಲನ್ ಅವರ ಮುಂದೆ, ದುಭಾಷಿ ನಂದೀಶ್ ಅವರ ಸಹಾಯದಿಂದ, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದು ಹೀಗಿದೆ.

ನನಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿ ಅದರಲ್ಲೇ ವ್ಯವಹಾರ ಮಾಡಿಕೊಂಡು ಬಂದಿದ್ದೇನೆ. ಆದರೆ ನಾನು ಮಾಡಿದ್ದು ಹಾಳು ಮಾಡಿದ್ದೋ, ಒರೆಸಿದ್ದೋ ಎಂಬುದರ ಮೇಲೆ ಈ ಪ್ರಕರಣ ನಿಂತಿದೆ. ಆದ್ದರಿಂದ ನನ್ನ ಭಾಷೆಯಲ್ಲೇ ಹೇಳುತ್ತೇನೆಂದು ಕೇಳಿಕೊಂಡೆ. ಅದಕ್ಕೆ ಅವರು ಒಪ್ಪಿದರು. ಏನನ್ನೂ ಹೇಳದೆ ಸುಮ್ಮನಿರುವ ಹಕ್ಕು ನನಗಿದೆ ಎಂದೂ ತಿಳಿಸಿದರು. ಸುಮ್ಮನಿರುವ ಅಗತ್ಯ ನನಗಿಲ್ಲ.

ಮೈಸೂರಿನಲ್ಲಿ ನಾನು ಚಿನ್ನದ ರೇಕು ಅಂಟಿಸಿ ಮಾಡುವ ಸಾಂಪ್ರದಾಯಿಕ ಚಿತ್ರಕಲೆ ಕಲಿತೆ. ಇಲ್ಲಿಗೆ ಬಂದ ಮೇಲೆ ಹಳೆಯ ವಸ್ತುಗಳ ಸಂರಕ್ಷಣೆಯಲ್ಲಿ ಪದವಿ ಪಡೆದೆ. ಬಣ್ಣದ ಟೀ ಟ್ರೇ, ಚಹಾ ಡಬ್ಬಿ, ಕಲ್ಲಿದ್ದಲಿನ ಪೆಟ್ಟಿಗೆ ಇಂಥವನ್ನು ರಿಪೇರಿ ಮಾಡುತ್ತೇನೆ. ಈ ಕೆಲಸದಲ್ಲಿ ನನ್ನ ಕೈಯನ್ನು ನಾನು ನಂಬುತ್ತೇನೆ. ಡಬ್ಲಿನ್ನಿನಲ್ಲಿ ಬೇರೆಯವರೂ ನಂಬುತ್ತಾರೆ.

ಶ್ರೀಮತಿ ನೋರೀನ್ ಟಿಯರ್ನಿ ಅವರ ಪರಿಚಯವಾದದ್ದು ಈ ವರ್ಷದ ಫೆಬ್ರವರಿಯಲ್ಲಿ. ಅವರಿಗೆ ಎಂಬತ್ಮೂರು ವರ್ಷ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದರು. ಬ್ಯೂಮಾಂಟ್ ಆಸ್ಪತ್ರೆಯ ಹಿಂಬದಿಯ ರಸ್ತೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರನ್ನು ನೋಡಿಕೊಳ್ಳಲು ಒಂದು ಏಜೆನ್ಸಿಯ ಕಡೆಯಿಂದ ಬರುತ್ತಿದ್ದ ಹೋಮ್ ಕೇರರ್ ಜಮೀಲಾ ನನ್ನ ಸ್ನೇಹಿತೆ. ವಯಸ್ಸು ನಲವತ್ತೊಂದು, ಬೆಂಗಳೂರಿನ ಫ್ರೇಜರ್ ಟೌನ್ ಕಡೆಯವಳು, ವರ್ಕ್ ಪರ್ಮಿಟ್ ಮೇಲೆ ಇದ್ದಾಳೆ. ನನ್ನನ್ನು ಆ ಮನೆಗೆ ಕರೆದುಕೊಂಡು ಹೋದವಳು ಅವಳೇ. ಅಡುಗೆಮನೆಯ ಕಪಾಟಿನಲ್ಲಿ ಒಂದು ಕರಿ ಟ್ರೇ ಇದೆ, ತುಕ್ಕು ಹಿಡಿಯುತ್ತಿದೆ, ಬಂದು ನೋಡು ಎಂದಿದ್ದಳು.

ನಾನು ನೋಡಿದೆ. ಅದು ತವರ ಲೇಪಿಸಿದ ಕಬ್ಬಿಣದ ತಗಡಿನ ಟ್ರೇ. ಅಂಚಿನಲ್ಲಿ ಜಾಲರಿಯಂತೆ ಕೊರೆದಿದೆ. ಮೇಲೆ ಕರಿ ಮೆರುಗೆಣ್ಣೆ ಬಳಿದು ಒಲೆಯಲ್ಲಿ ಬೇಯಿಸಿ, ಅದರ ಮೇಲೆ ಚಿನ್ನದಲ್ಲಿ ಚಿತ್ರ ಬರೆದಿದ್ದಾರೆ. ಸುಮಾರು ಇನ್ನೂರೈವತ್ತು ವರ್ಷ ಹಳೆಯದು, ವೇಲ್ಸ್‌ನ ಪಾಂಟಿಪೂಲ್ ಕಡೆಯ ಕೆಲಸ. ಚಿತ್ರದಲ್ಲಿರುವುದು ಚೀನಾ ದೇಶ. ಬರೆದವರು ಚೀನಾವನ್ನು ಕಂಡವರಲ್ಲ. ಹಡಗಿನಲ್ಲಿ ಬಂದ ಪಿಂಗಾಣಿ, ಪೆಟ್ಟಿಗೆಗಳ ಮೇಲೆ ಇದ್ದದ್ದನ್ನು ನೋಡಿ, ಉಳಿದದ್ದನ್ನು ತಮಗೆ ತೋಚಿದಂತೆ ತುಂಬಿಕೊಂಡಿದ್ದಾರೆ. ಗೋಪುರದಂಥ ಮನೆಗೆ ಬಾಗಿಲಿಲ್ಲ. ಮರಕ್ಕಿಂತ ಅದರ ಮೇಲಿನ ಹಕ್ಕಿ ದೊಡ್ಡದು. ಸೇತುವೆಯ ಕೆಳಗೆ ನೀರೇ ಇಲ್ಲ. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಇಂಥ ಚಿತ್ರಗಳನ್ನು ನಾನು ಇಷ್ಟಪಡುವುದೇ ಅದಕ್ಕೆ.

ಸೇತುವೆಯ ನಡುಮಧ್ಯೆ ಚಿತ್ರ ಇರಲಿಲ್ಲ. ಮೆರುಗು ಸುಟ್ಟು ಎದ್ದುಹೋಗಿ, ಬರಿ ತಗಡು ಕಾಣುತ್ತಿತ್ತು. ಸುಟ್ಟ ಗುರುತು ಅರ್ಧಚಂದ್ರದ ಆಕಾರದಲ್ಲಿತ್ತು. ನೋರೀನ್ ಅವರು ತಿಳಿಸಿದ ಪ್ರಕಾರ, ಅವರ ತಾಯಿ ಕಿಲ್ಡೇರ್ ಕೌಂಟಿಯ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದರು. ಆ ಮನೆಯವರು ಯಾರೋ ಕಾದ ಕೆಟಲನ್ನು ಟ್ರೇ ಮೇಲೆ ಇಟ್ಟುಬಿಟ್ಟರು. ಸುಟ್ಟ ಟ್ರೇ ಅವರಿಗೆ ಬೇಡವಾಯಿತು. ತಾಯಿಯ ಮದುವೆಗೆ ಅದನ್ನೇ ಉಡುಗೊರೆ ಕೊಟ್ಟರು. ಸುಡುವ ಮೊದಲು ಸೇತುವೆಯ ಮೇಲೆ ಒಬ್ಬ ಹೆಂಗಸಿದ್ದಳು, ಮನೆಗೆ ಬೆನ್ನು ತಿರುಗಿಸಿ ಹೊರಟಿದ್ದಳು ಎಂದು ತಾಯಿ ಹೇಳುತ್ತಿದ್ದರಂತೆ. ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಚಿಕ್ಕ ನೋರೀನ್ ಕೇಳಿದರೆ, ಕೆಲಸ ಬಿಟ್ಟು ಹೊರಟಿದ್ದಾಳೆ, ಇನ್ನು ಅವರ ಟೀ ಅವರೇ ಮಾಡಿಕೊಳ್ಳಲಿ ಎನ್ನುತ್ತಿದ್ದರಂತೆ.

ಆ ಹೆಂಗಸನ್ನು ಮತ್ತೆ ಬರೆದುಕೊಡಲು ನೋರೀನ್ ಅವರು ನನ್ನನ್ನು ಕೇಳಿದರು. ಸಾಮಾನ್ಯವಾಗಿ ಇಲ್ಲದ್ದನ್ನು ನಾನು ಬರೆಯುವುದಿಲ್ಲ. ಆದರೆ ಇದು ಅವರ ಮನೆಯ ವಸ್ತು, ಮಾರುವುದಕ್ಕಲ್ಲ ಎಂದು ಅವರು ಖಚಿತವಾಗಿ ಹೇಳಿದ ಮೇಲೆ ಒಪ್ಪಿಕೊಂಡೆ. ಮಾರ್ಚ್ ತಿಂಗಳಿನಲ್ಲಿ ನನ್ನ ಮನೆಯ ಕೆಲಸದ ಕೋಣೆಯಲ್ಲಿ ಬರೆದೆ. ಮೊದಲು ತಗಡಿನ ಮೇಲೆ ಒಂದು ತೆಳು ವಾರ್ನಿಷ್, ಅದರ ಮೇಲೆ ನನ್ನ ಬಣ್ಣ. ಆ ಬಣ್ಣವನ್ನು ಬೇಕೆಂದಾಗ ಒಂದು ಮೆದು ದ್ರಾವಕದಿಂದ ತೆಗೆಯಬಹುದು. ಒಲೆಯಲ್ಲಿ ಬೆಂದ ಹಳೆಯ ಮೆರುಗಿಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಕೆಲಸದ ನಿಯಮವೇ ಅದು. ನಾಳೆ ಬರುವವರು ನಮ್ಮ ಕೈಯನ್ನು ಅಳಿಸಿ ಹಳೆಯ ಕೈಯನ್ನು ನೋಡುವಂತಿರಬೇಕು.

ಹೆಂಗಸಿನ ಜಡೆಗೆ ನಾನು ಒಂದು ಮಲ್ಲಿಗೆ ದಂಡೆ ಮುಡಿಸಿದೆ. ನೋರೀನ್ ಅವರ ಒಪ್ಪಿಗೆ ಪಡೆದೇ ಮುಡಿಸಿದೆ. ಚೀನಾ ನೋಡದವನು ಚೀನಾ ಬರೆಯಬಹುದಾದರೆ ಮೈಸೂರಿನವಳು ಮಲ್ಲಿಗೆ ಬರೆಯಬಹುದು ಎಂದೆ. ಅವರು ನಕ್ಕು, ಗ್ರ್ಯಾಂಡ್, ಆಗಲಿ, ಕೆಲಸ ಬಿಟ್ಟು ಹೋಗುವವಳು ಹೂವು ಮುಡಿದುಕೊಂಡೇ ಹೋಗಲಿ ಎಂದರು.

ಸೆಪ್ಟೆಂಬರ್ ಎರಡರಂದು ನೋರೀನ್ ಅವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಳಿಗ್ಗೆ ಕೆಲಸಕ್ಕೆ ಬಂದ ಜಮೀಲಾ ನೋಡಿ ಆಂಬುಲೆನ್ಸ್ ಕರೆಸಿದಳು. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಯ ಇನ್ನೊಂದು ಕೀಲಿ ಇದ್ದದ್ದು ಅವರ ಗಂಡನ ಅಣ್ಣನ ಮಗ ಡೆಸ್ಮಂಡ್ ಟಿಯರ್ನಿ ಅವರ ಹತ್ತಿರ.

ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಜಮೀಲಾ ನೋರೀನ್ ಅವರ ರಾತ್ರಿಯುಡುಪು ತರಲು ಮನೆಗೆ ಹೋದಾಗ ಕಪಾಟಿನಲ್ಲಿ ಟ್ರೇ ಇರಲಿಲ್ಲ. ಅವಳು ಕೂಡಲೇ ಡೆಸ್ಮಂಡ್ ಅವರಿಗೆ ಫೋನ್ ಮಾಡಿ ಟ್ರೇ ಎಲ್ಲಿ ಎಂದು ಕೇಳಿದಳು. ಅವರು ತಮಗೆ ಗೊತ್ತಿಲ್ಲ ಎಂದರು. ಆಮೇಲೆ ಅದನ್ನು ಕದ್ದವಳು ಜಮೀಲಾ ಎಂದು ಏಜೆನ್ಸಿಗೆ ಹೇಳಿದರು, ಗಾರ್ಡಾ ಠಾಣೆಯಲ್ಲಿ ದೂರು ಕೊಟ್ಟರು. ಸೆಪ್ಟೆಂಬರ್ ಹದಿನಾಲ್ಕರ ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಸಭಾಂಗಣದಲ್ಲಿ ಜನ ಕಾಫಿ ಕುಡಿಯುತ್ತಿದ್ದಾಗ ಎಲ್ಲರ ಮುಂದೆಯೂ ಅದನ್ನೇ ಹೇಳಿದರು. ಮರುದಿನ ಏಜೆನ್ಸಿಯವರು ಜಮೀಲಾಳನ್ನು ಕೆಲಸಕ್ಕೆ ಬರಬೇಡವೆಂದರು. ಕೆಲಸ ಹೋದರೆ ಅವಳ ಪರ್ಮಿಟ್ಟೂ ಹೋಗುವ ಸ್ಥಿತಿ.

ಆ ಸಂಜೆ ಜಮೀಲಾ ನನ್ನ ಮನೆಗೆ ಬಂದಳು. ಅವಳು ಅಳಲಿಲ್ಲ. "ಅಕ್ಕಾ, ಟ್ರೇ ಇಲ್ಲ ಅಂತ ಮೊದ್ಲು ಹೇಳಿದ್ದೇ ನಾನು. ಕದ್ದೋಳು ಯಾರಾದ್ರೂ ಫೋನ್ ಮಾಡಿ ಎಲ್ಲೋಯ್ತು ಅಂತ ಕೇಳ್ತಾರಾ?" ಎಂದು ಇಷ್ಟೇ ಕೇಳಿದಳು. ನೋರೀನ್ ಅವರಿಗೆ ಹೇಳೋಣವೆಂದೆ. ಅವರಿಗೆ ಆಪರೇಷನ್ ಆದ ಮೇಲೆ ಜ್ವರ ಬರುತ್ತಿದೆ, ಇದು ಕಿವಿಗೆ ಬೀಳಬಾರದು ಎಂದು ಅವಳೇ ತಡೆದಳು.

ಸೆಪ್ಟೆಂಬರ್ ಇಪ್ಪತ್ತನಾಲ್ಕರ ಬುಧವಾರ ಬೆಳಿಗ್ಗೆ ನಾನು ದಕ್ಷಿಣ ಡಬ್ಲಿನ್ನಿನ ಒಂದು ಹರಾಜು ಮನೆಗೆ ಹೋದೆ. ಗಿರಾಕಿಯೊಬ್ಬರ ಪರವಾಗಿ ಒಂದು ಚಹಾ ಡಬ್ಬಿ ನೋಡಬೇಕಿತ್ತು. ಟ್ರೇ ಹುಡುಕಿಕೊಂಡು ಹೋದದ್ದಲ್ಲ. ಬೇರೊಂದು ಕೆಲಸದಿಂದ ನೇರವಾಗಿ ಬಂದಿದ್ದರಿಂದ ನನ್ನ ಚೀಲದಲ್ಲಿ ಟಾರ್ಚು, ಭೂತಗನ್ನಡಿ, ಹತ್ತಿ ಸುತ್ತಿದ ಕಡ್ಡಿಗಳು ಮತ್ತು ದ್ರಾವಕದ ಚಿಕ್ಕ ಬಾಟಲಿ ಇದ್ದವು. ಒಳಗೆ ಹೋಗಿ ಎರಡನೆಯ ಮೇಜಿನ ಮೇಲೆ ನೋಡಿದರೆ ಅದೇ ಟ್ರೇ.

ಅದನ್ನು ಗುರುತಿಸಲು ನನಗೆ ಟಾರ್ಚು ಬೇಕಾಗಲಿಲ್ಲ. ಪಕ್ಕದಲ್ಲಿದ್ದ ವಿವರಣೆಯಲ್ಲಿ, ಕಿಲ್ಡೇರಿನ ದೊಡ್ಡ ಮನೆಯೊಂದರಿಂದ ಬಂದದ್ದು, ಹದಿನೆಂಟನೆಯ ಶತಮಾನದ ಚಿತ್ರ ಪೂರ್ತಿ ಮೂಲದ್ದು, ಯಾರೂ ಮುಟ್ಟಿಲ್ಲ, ಸೇತುವೆಯ ಮೇಲೆ ಜಡೆಗೆ ಮುತ್ತಿನ ಸರ ಮುಡಿದ ಚೀನಾದ ರಾಜಕುಮಾರಿ ಎಂದು ಬರೆದಿತ್ತು. ಮುತ್ತಿನ ಸರ ಎಂಬುದನ್ನು ಓದಿ ನಾನು ನಕ್ಕೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಆಮೇಲೆ ಜಮೀಲಾ ನೆನಪಾಗಿ ನಗು ನಿಂತಿತು.

ಹರಾಜು ಮನೆಯ ವ್ಯವಸ್ಥಾಪಕಿ ಕಾರ್ಮೆಲ್ ಹ್ಯಾನ್ಲನ್ ಅವರನ್ನು ಕರೆದು, ಇದು ನೋರೀನ್ ಟಿಯರ್ನಿ ಅವರ ಟ್ರೇ, ಅವರು ಆಸ್ಪತ್ರೆಯಲ್ಲಿದ್ದಾರೆ, ರಾಜಕುಮಾರಿಯನ್ನು ಬರೆದವಳು ನಾನು ಎಂದು ಹೇಳಿದೆ. ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡು, ಮಾರಲು ಕೊಟ್ಟವರಿಗೆ ಫೋನ್ ಮಾಡಿದರು. ಮಾರಲು ಕೊಟ್ಟವರು ಡೆಸ್ಮಂಡ್ ಅವರೇ. ಅವರು ಪಕ್ಕದ ಕೋಣೆಯಲ್ಲೇ ಇದ್ದು, ತಕ್ಷಣ ಬಂದರು. ವಯಸ್ಸು ಐವತ್ತೈದರ ಹತ್ತಿರ, ಒಳ್ಳೆಯ ಕೋಟು ತೊಟ್ಟಿದ್ದರು. ಇಂಥ ಟ್ರೇಗಳನ್ನು ಜೋಡಿಯಾಗಿ ಮಾಡುತ್ತಿದ್ದರು, ಈಕೆ ತೋರಿಸುತ್ತಿರುವ ಫೋಟೊದಲ್ಲಿರುವ ಟ್ರೇ ಚಿಕ್ಕಮ್ಮನದು, ಅದನ್ನು ಕೆಲಸದವಳು ಕದ್ದಳು, ಇದು ನಮ್ಮ ತಂದೆಯ ಪಾಲಿಗೆ ಬಂದದ್ದು, ಇದರಲ್ಲಿ ಒಂದು ಗೀರೂ ರಿಪೇರಿ ಆಗಿಲ್ಲ ಎಂದರು.

ಸುಟ್ಟ ಗುರುತು ಕಾಣುವ ಹಳೆಯ ಫೋಟೊಗಳು ನನ್ನ ಮನೆಯ ಕಂಪ್ಯೂಟರಿನಲ್ಲಿದ್ದವು. ಅವನ್ನು ತರುವವರೆಗೆ ಟ್ರೇಯನ್ನು ಹರಾಜಿನಿಂದ ತಡೆಹಿಡಿಯಿರಿ ಎಂದು ಕೇಳಿದೆ. ಹರಾಜು ಆಗಲೇ ಶುರುವಾಗುವುದರಲ್ಲಿತ್ತು, ಹೊರದೇಶದಿಂದ ಫೋನಿನಲ್ಲಿ ಬೆಲೆ ಕೂಗುವವರಿದ್ದರು. ಇಬ್ಬರೂ ಇಷ್ಟು ಖಚಿತವಾಗಿ ಹೇಳುತ್ತಿರುವಾಗ ತಾನೇನು ಮಾಡಲಿ, ಹರಾಜು ಮುಗಿದ ಮೇಲೆ ನೋಡೋಣ ಎಂದು ಕಾರ್ಮೆಲ್ ಹೇಳಿದರು. ಟ್ರೇ ದೇಶ ಬಿಟ್ಟು ಹೋದರೆ ಜಮೀಲಾ ಕಳ್ಳಿಯಾಗಿಯೇ ಉಳಿಯುತ್ತಾಳೆ ಎಂದು ನನಗೆ ಆಗ ಅನ್ನಿಸಿತು.

ಆ ಹೊತ್ತಿಗೆ ನನ್ನ ಗಂಡ ಆಫೀಸಿನಿಂದ ಫೋನ್ ಮಾಡಿದರು. ವಿಷಯ ಹೇಳಿದೆ. "ಅನಸೂಯಾ, ನೀನು ಏನನ್ನೂ ಮುಟ್ಟಬೇಡ. ಸುಮ್ನೆ ಬಂದ್ಬಿಡು, ಲಾಯರ್ ಹತ್ರ ಮಾತಾಡೋಣ" ಎಂದರು. ಅವರು ಹೇಳಿದ್ದು ಸರಿಯಾದ ಸಲಹೆ. "ಆಯ್ತು ರೀ, ಆಮೇಲೆ ಫೋನ್ ಮಾಡ್ತೀನಿ" ಎಂದು ಫೋನ್ ಇಟ್ಟೆ.

ನಂತರ ಕಾರ್ಮೆಲ್ ಅವರಿಗೆ ಹೇಳಿದೆ: ಈ ಹೆಂಗಸನ್ನು ನಾನು ಬರೆದಿದ್ದರೆ ಈ ಬಾಟಲಿಯಲ್ಲಿರುವುದಕ್ಕೆ ಬಿಟ್ಟು ಬರುತ್ತಾಳೆ. ವೇಲ್ಸ್‌ನವರು ಬರೆದಿದ್ದರೆ ಅಲ್ಲಾಡುವುದಿಲ್ಲ. ಅವಳ ಕೆಳಗೆ ಬರಿ ತಗಡಿನ ಮೇಲೆ ಕೆಟಲಿನ ತಳದ ಅರ್ಧಚಂದ್ರ ಇರುತ್ತದೆ. ಇದನ್ನು ಒರೆಸುವ ಮೊದಲೇ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ. ಒರೆಸಲು ಅನುಮತಿ ಕೊಡಿ. ಅದಕ್ಕೆ ಅವರು, ಹಾಗೆ ಮಾಡಿ ಎಂದು ತಾನು ಹೇಳುವಂತಿಲ್ಲ ಎಂದರು. ಅದು ಅನುಮತಿಯಲ್ಲ ಎಂದು ನನಗೆ ಗೊತ್ತಿತ್ತು. ಈಗಲೂ ಅದನ್ನು ಅನುಮತಿ ಎಂದು ಹೇಳಿ ಅವರ ಹಿಂದೆ ಬಚ್ಚಿಟ್ಟುಕೊಳ್ಳುವುದಿಲ್ಲ.

ಮೊದಲು ಮೂಲೆಯ ಹಕ್ಕಿಯ ಬಾಲದ ಮೇಲೆ ಒದ್ದೆ ಹತ್ತಿ ಉರುಳಿಸಿದೆ. ಹತ್ತಿ ಬೆಳ್ಳಗೇ ಇತ್ತು. ಅದನ್ನು ಎಲ್ಲರಿಗೂ ತೋರಿಸಿದೆ. ಹೊಸ ಕಡ್ಡಿ ತೆಗೆದುಕೊಂಡು ಹೆಂಗಸಿನ ಜಡೆಯ ಮೇಲೆ ಉರುಳಿಸಿದೆ. ಮಲ್ಲಿಗೆ ಬಿಟ್ಟು ಬಂತು. ಆಮೇಲೆ ಜಡೆ, ಭುಜ, ಬೆನ್ನು. ಡೆಸ್ಮಂಡ್ ಅವರು ನನ್ನ ಮೊಣಕೈ ಹಿಡಿದರು. ಬಿಡಿ ಎಂದೆ. ಬಿಟ್ಟರು. ಅವರು ನನಗೆ ಬೇರೇನೂ ಮಾಡಲಿಲ್ಲ. ಅರ್ಧಚಂದ್ರ ಪೂರ್ತಿ ಕಾಣುವಷ್ಟು ಒರೆಸಿ ನಿಲ್ಲಿಸಿದೆ. ಅವಳ ಕುತ್ತಿಗೆಯ ಹಿಂಭಾಗ ಬರೆಯಲು ನನಗೆ ಒಂದಿಡೀ ಮಧ್ಯಾಹ್ನ ಹಿಡಿದಿತ್ತು. ಅದು ಹೋದಾಗ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಾರ್ಮೆಲ್ ಅವರು ಭೂತಗನ್ನಡಿ ಕೇಳಿ ಪಡೆದು, ಬಗ್ಗಿ ನೋಡಿದರು. ಟ್ರೇಯನ್ನು ಹರಾಜಿನಿಂದ ಹಿಂತೆಗೆದಿದ್ದೇವೆ ಎಂದು ಅಲ್ಲೇ ಘೋಷಿಸಿದರು. ವಸ್ತುವನ್ನು ಹಾಳು ಮಾಡಿದಳೆಂದು ಡೆಸ್ಮಂಡ್ ಅವರು ಗಾರ್ಡಾಗೆ ಫೋನ್ ಮಾಡಿದರು. ನಾನು ಕುರ್ಚಿ ಎಳೆದುಕೊಂಡು ಟ್ರೇ ಪಕ್ಕದಲ್ಲೇ ಕುಳಿತೆ. ಗಾರ್ಡಾ ಸಿನೇಡ್ ಬಂದು ಇದನ್ನು ಮಾಡಿದ್ದು ಯಾರು ಎಂದು ಕೇಳಿದಾಗ ನಾನೇ ಎಂದೆ. ಅವರು ಟ್ರೇಯನ್ನು ವಶಕ್ಕೆ ಪಡೆದರು.

ಅದೇ ದಿನ ಸಂಜೆ ಐದರ ಸುಮಾರಿಗೆ ನಾನೂ ಜಮೀಲಾಳೂ ಆಸ್ಪತ್ರೆಗೆ ಹೋದೆವು. ನೋರೀನ್ ಅವರಿಗೆ ಜ್ವರ ಬಿಟ್ಟಿತ್ತು. ಇನ್ನು ಮುಚ್ಚಿಡುವುದು ಬೇಡವೆಂದು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಂತರ ಅವಳು ಪೂರ್ತಿ ಹೋದಳೇ ಎಂದು ವಿಚಾರಿಸಿದರು. ಸೊಂಟದಿಂದ ಮೇಲೆ ಹೋಗಿದ್ದಾಳೆ, ಲಂಗದ ಅಂಚೂ ಎರಡು ಪಾದವೂ ಉಳಿದಿವೆ ಎಂದೆ. ಪಾದ ಇದ್ದರೆ ಸಾಕು, ನಡೆಯುತ್ತಾಳೆ ಎಂದರು. ಇಷ್ಟು ದಿನ ಬೇರೆ ಯಾರೋ ತನಗೆ ಬಟ್ಟೆ ತಂದುಕೊಟ್ಟಿದ್ದೇಕೆ ಎಂದು ಈಗ ಅರ್ಥವಾಯಿತು ಎಂದು ಜಮೀಲಾಳ ಕೈ ಹಿಡಿದುಕೊಂಡರು. ಜಮೀಲಾ ಅತ್ತದ್ದು ಆಗ.

ನೋರೀನ್ ಅವರು ನಮ್ಮ ಎದುರಿಗೇ ಡೆಸ್ಮಂಡ್ ಅವರಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿ ಹಾಕಲು ಹೇಳಿದರು. ತಾನು ಕೊಟ್ಟಿದ್ದ ಕೀಲಿ ಬೆಕ್ಕಿಗೆ ಊಟ ಹಾಕಲು ಮಾತ್ರ ಎಂದು ನೆನಪಿಸಿದರು. ಚಿಕ್ಕಮ್ಮ ಮತ್ತೆ ಮನೆಗೆ ಬರುವುದಿಲ್ಲ ಎಂದುಕೊಂಡೆ ಎಂದು ಡೆಸ್ಮಂಡ್ ಹೇಳಿದರು. ಜಮೀಲಾ ಫೋನ್ ಮಾಡಿ ಕೇಳಿದಾಗ ಗಾಬರಿಯಾಯಿತು, ಬಾಯಿಗೆ ಬಂದದ್ದು ಅವಳ ಹೆಸರು ಎಂದೂ ಹೇಳಿದರು. ಈ ಮಾತನ್ನು ನಾವಿಬ್ಬರೂ ಕೇಳಿದ್ದೇವೆ. ಪಕ್ಕದ ಹಾಸಿಗೆಯವರೂ ಕೇಳಿದ್ದಾರೆ. ನೋರೀನ್ ಅವರು ಧ್ವನಿ ಏರಿಸಲಿಲ್ಲ. ಎಲ್ಲಿ ನಿಂತು ಹೇಳಿದೆಯೋ ಅಲ್ಲೇ ನಿಂತು ವಾಪಸ್ ತೆಗೆದುಕೋ, ಅದಾದ ಮೇಲೆ ನನ್ನ ಹತ್ತಿರ ಬಾ ಎಂದು ಫೋನ್ ಇಟ್ಟರು.

ಸೆಪ್ಟೆಂಬರ್ ಇಪ್ಪತ್ತೆಂಟರ ಭಾನುವಾರ ನಾನೂ ಜಮೀಲಾಳೂ ಚರ್ಚಿನ ಆ ಸಭಾಂಗಣಕ್ಕೆ ಹೋದೆವು. ಬರಲು ಇಷ್ಟವಿಲ್ಲದಿದ್ದರೆ ಬರಬೇಡ ಎಂದು ಅವಳಿಗೆ ಹೇಳಿದ್ದೆ. "ನನ್ನ ಹೆಸರು ಹೇಳ್ತಾರೆ, ನಾನೇ ಇರಲ್ಲ ಅಂದ್ರೆ ಹೆಂಗೆ ಅಕ್ಕಾ?" ಎಂದು ಇಸ್ತ್ರಿ ಮಾಡಿದ ಹಸಿರು ದುಪಟ್ಟಾ ಹೊದ್ದು ಬಂದಳು. ಮೂವತ್ತು ನಲವತ್ತು ಜನ ಇದ್ದರು. ಡೆಸ್ಮಂಡ್ ಅವರು ಎದ್ದು ನಿಂತು, ಟ್ರೇ ತೆಗೆದುಕೊಂಡು ಹೋದವನು ತಾನು, ಜಮೀಲಾ ಕದ್ದಳೆಂದದ್ದು ಸುಳ್ಳು ಎಂದು ಹೇಳಿದರು. ಅವರ ಮುಖ ಕೆಂಪಾಗಿತ್ತು. ಕೆಟ್ಟದಾಗಿ ಹೇಳಲಿಲ್ಲ.

ಜಮೀಲಾ ಎದ್ದು, ಮುಂದಿನ ಶುಕ್ರವಾರ ನೋರೀನ್ ಅವರನ್ನು ಮನೆಗೆ ಕಳಿಸುತ್ತಾರೆ, ಅಷ್ಟರೊಳಗೆ ಬಚ್ಚಲಿನ ಗೋಡೆಗೆ ಎರಡು ಹಿಡಿಕೆ ಹಾಕಬೇಕು, ನೀವು ಬಂದು ಹಾಕುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡೆಸ್ಮಂಡ್ ಅವರು ಬರುತ್ತೇನೆ ಎಂದರು.

ಹೊರಗೆ ಬಂದ ಮೇಲೆ, ಅಷ್ಟು ಜನರ ಮುಂದೆ ಕೇಳುವುದಕ್ಕೆ ಇದೇ ಸಿಕ್ಕಿತೇ ಎಂದು ನಾನು ಕೇಳಿದೆ. "ಇನ್ನೇನ್ ಕೇಳ್ಲಿ? ಅವರು ಸಾರಿ ಅಂದ್ರೆ ಆ ಮಾತನ್ನ ಹಿಡ್ಕೊಂಡು ನೋರೀನ್ ಸ್ನಾನಕ್ಕೆ ನಿಂತ್ಕೊಳ್ಳೋಕಾಗುತ್ತಾ?" ಎಂದಳು.

ಸೋಮವಾರ ಏಜೆನ್ಸಿಯವರು ಜಮೀಲಾಳನ್ನು ಕೆಲಸಕ್ಕೆ ವಾಪಸ್ ಕರೆದರು. ನೋರೀನ್ ಅವರ ಮನೆಗೇ ಕಳಿಸುವುದಾದರೆ ಬರುತ್ತೇನೆ ಎಂದು ಹೇಳಿ ಒಪ್ಪಿಸಿಕೊಂಡಳು. ಮಂಗಳವಾರ ನೋರೀನ್ ಅವರು ಗಾರ್ಡಾ ಸಿನೇಡ್ ಅವರನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡು, ಟ್ರೇ ತಮ್ಮದು, ಅದರ ಮೇಲಿನ ಹೆಂಗಸನ್ನು ಬರೆಯುವುದಕ್ಕೂ ಒರೆಸುವುದಕ್ಕೂ ಅನಸೂಯಳಿಗೆ ತಮ್ಮ ಒಪ್ಪಿಗೆ ಇದೆ ಎಂದು ತಿಳಿಸಿದ್ದಾರೆಂದು ನನಗೆ ಗೊತ್ತಾಗಿದೆ. ಒರೆಸಿದಾಗ ಆ ಒಪ್ಪಿಗೆ ನನ್ನ ಕೈಯಲ್ಲಿರಲಿಲ್ಲ. ಅದಕ್ಕೆ ಕಾನೂನು ಏನು ಹೇಳುತ್ತದೋ ಹೇಳಲಿ, ನಾನು ಉತ್ತರ ಕೊಡುತ್ತೇನೆ. ಹಳೆಯ ಚಿತ್ರದ ಒಂದು ಕೂದಲೆಳೆಯೂ ಹೋಗಿಲ್ಲ. ಬೇಕಾದ ತಜ್ಞರನ್ನು ಕರೆಸಿ ನೋಡಿಸಿ. ಡೆಸ್ಮಂಡ್ ಅವರ ಮೇಲೆ ಏನು ಕ್ರಮ ಎಂಬುದು ನನ್ನ ವಿಷಯವಲ್ಲ. ನನ್ನ ಕೋರಿಕೆ ಒಂದೇ. ಅವರು ಮೊದಲು ಕೊಟ್ಟ ದೂರಿನಲ್ಲಿ ಜಮೀಲಾಳ ಹೆಸರಿನ ಮುಂದೆ, ಆ ದೂರು ಸುಳ್ಳು ಎಂದು ದಾಖಲಿಸಬೇಕು. ಸಾಕ್ಷಿ ಸಾಲದು ಎಂದಲ್ಲ, ಸುಳ್ಳು ಎಂದೇ.

ನಿನ್ನೆ ಬುಧವಾರ ಡೆಸ್ಮಂಡ್ ಅವರು ಡ್ರಿಲ್ಲು ತೆಗೆದುಕೊಂಡು ನೋರೀನ್ ಅವರ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಮೊದಲನೆಯ ಹಿಡಿಕೆಯನ್ನು ತಮ್ಮ ಎತ್ತರಕ್ಕೆ ಹಾಕಿದ್ದರು. ಜಮೀಲಾ ಬೆನ್ನು ಬಗ್ಗಿಸಿ, ನೋರೀನ್ ನಿಲ್ಲುವಂತೆ ನಿಂತು, ಕೈ ಎಲ್ಲಿಗೆ ಬರುತ್ತದೆಂದು ತೋರಿಸಿದಳು. ಅವರು ಅದನ್ನು ಬಿಚ್ಚಿ, ಆ ಎತ್ತರಕ್ಕೆ ಇಳಿಸಿ ಹಾಕಿದರು. ಎರಡೂ ಹಿಡಿಕೆಗಳು ಗಟ್ಟಿಯಾಗಿವೆ. ನಾನೇ ಜೋತುಬಿದ್ದು ನೋಡಿದ್ದೇನೆ.

ಇಲ್ಲಿಯವರೆಗೆ ಬರೆಸಿದ್ದನ್ನು ದುಭಾಷಿಯವರು ಕನ್ನಡದಲ್ಲೇ ನನಗೆ ಓದಿ ಹೇಳಿದ್ದಾರೆ. ಇದರಲ್ಲಿ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳಿದ್ದೇನೆ. ಎಲ್ಲವೂ ನಿಜ. ತಿದ್ದುವಂಥದ್ದು ಏನೂ ಇಲ್ಲ.

ಸ್ಥಳ: ಡಬ್ಲಿನ್
ದಿನಾಂಕ: ೨ ಅಕ್ಟೋಬರ್ ೨೦೨೫
ಸಹಿ: ಅನಸೂಯ